ನನ್ನ ಸಂಶೋಧನೆಯಿಂದ ಕಾದ ನೀರು

ರಾಣೆಬೆನ್ನೂರಿಗೆ ಬಂದ ಮರುದಿನ ಬೆಳಗ್ಗೆ ಎದ್ದು ಹಿತ್ತಲಿಗೆ ಹೋದರೆ, ನನ್ನ ಹನ್ನೆರಡು ವರ್ಷದ ಸಂಶೋಧನೆ ನೀರೊಲೆಯಲ್ಲಿ ಉರಿಯುತ್ತಿತ್ತು.

ಗೋವಿನಜೋಳದ ಬೆಂಡು. ಕಾಳು ಬಿಡಿಸಿದ ಮೇಲೆ ಉಳಿಯುವ ಬೋಳು ತೆನೆಗೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮ ಮೈಸೂರಿನ ಪ್ರಯೋಗಾಲಯದಲ್ಲಿ ಅದನ್ನು ತೊಳೆದು, ಒಣಗಿಸಿ, ಗಾಜಿನ ಡಬ್ಬಿಗೆ ತುಂಬಿ ‘ಕೃಷಿ ತ್ಯಾಜ್ಯ’ ಎಂದು ಚೀಟಿ ಅಂಟಿಸುತ್ತಿದ್ದೆವು. ಮನೆಯೊಡತಿ ಹುಸೇನಬಿ ಬುಟ್ಟಿಗಟ್ಟಲೆ ಒಲೆಗೆ ತುರುಕುತ್ತಿದ್ದರು.

“ಇದು ತ್ಯಾಜ್ಯವಲ್ಲವೆ?” ಎಂದೆ.

“ಹಂಗಂದ್ರ?”

“ಬಿಸಾಡುವ ವಸ್ತು.”

“ಬಿಸಾಡಾಕ ನಮಗೇನ ಹುಚ್ಚ ಹಿಡದೈತೇನ್ರಿ ಅಕ್ಕಾರ? ನೀರು ಕಾದಾವ, ಲಗೂ ಜಳಕಾ ಮಾಡ್ರಿ.”

ಲಗೂ ಎಂದರೆ ಬೇಗ. ಈ ಊರಿನಲ್ಲಿ ನಾನು ಕಲಿತ ಮೊದಲ ಪದ. ಅದನ್ನು ಆಡುವವರು ಯಾರೂ ಬೇಗ ಬಂದದ್ದನ್ನು ನಾನು ಕಾಣೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಬೆಂಡಿನಿಂದ ಫರ್ಫ್ಯೂರಾಲ್ ಎಂಬ ಕೈಗಾರಿಕಾ ಎಣ್ಣೆ ತೆಗೆಯುವ ಪುಟ್ಟ ಘಟಕವನ್ನು ಮೇಡ್ಲೇರಿ ರಸ್ತೆಯ ತಗಡಿನ ಶೆಡ್ಡಿನಲ್ಲಿ ನಮ್ಮ ಪ್ರಯೋಗಾಲಯದವರು ಹೂಡಿದ್ದರು. ಅದರ ಜೀವ ನಾನು ತಯಾರಿಸಿದ ವೇಗವರ್ಧಕ: ಬೆಂಡನ್ನು ಒಡೆಯುವ, ಆದರೆ ತಾನು ಸವೆಯಬಾರದ ಒಂದು ಹುಳಿ ಪುಡಿ. ಮೂವತ್ತು ದಿನ ನಿಲ್ಲದೆ ದುಡಿದರೆ ಘಟಕ ಉಳಿಯುತ್ತದೆ. ಇಲ್ಲದಿದ್ದರೆ ಶೆಡ್ಡಿಗೆ ಬೀಗ, ನನ್ನ ಹನ್ನೆರಡು ವರ್ಷವೂ ಅದರೊಳಗೇ.

ನಾಲ್ಕನೆಯ ದಿನಕ್ಕೆ ಪುಡಿ ಸತ್ತಿತು. ಮತ್ತೆ ಹಾಕಿದೆ. ಮತ್ತೆ ನಾಲ್ಕೇ ದಿನ.

ನಮ್ಮ ನಿರ್ದೇಶಕರು ಹೊಲ ಕಂಡದ್ದು ರೈಲಿನ ಏಸಿ ಬೋಗಿಯ ಕಿಟಕಿಯಿಂದ. ಆದರೂ ಫೋನಿನಲ್ಲಿ ತೀರ್ಪು ಸಿದ್ಧವಿತ್ತು: “ಅಲ್ಲಿನ ಜನ ಏನೋ ಕಲಬೆರಕೆ ಮಾಡ್ತಿದಾರೆ ಕಣಮ್ಮ.” ಅವರು ಕಳಿಸಿದ ತಜ್ಞರೊಬ್ಬರು ಹಾವೇರಿಯ ಲಾಡ್ಜಿನಲ್ಲಿ ಮೂರು ದಿನ ಇದ್ದು, ಸೊಳ್ಳೆಯ ಬಗ್ಗೆ ಒಂದು ಪುಟ, ಪುಡಿಯ ಬಗ್ಗೆ ಅರ್ಧ ಪುಟ ಬರೆದು ಹೋದರು.

ನಂಬಲು ನನಗೂ ಕಷ್ಟವಾಗಲಿಲ್ಲ. ಊರು ನನಗೆ ಸೇರಿರಲಿಲ್ಲ. ಮೈಸೂರಿನಲ್ಲಿ ಗಾಳಿಗೂ ಮರ್ಯಾದೆಯಿದೆ. ಇಲ್ಲಿ ಬ್ಯಾಡಗಿ ಪೇಟೆ ದಾಟುವಾಗ ಬಸ್ಸಿಗೆ ಬಸ್ಸೇ ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತದೆ. ಅನ್ನ ಕೇಳಿದರೆ ಮೂರು ರೊಟ್ಟಿ ತಿನ್ನಿಸಿದ ಮೇಲೆ ಒಂದು ಸೌಟು ಹಾಕುತ್ತಾರೆ, ರೋಗಿಗೆ ಬಡಿಸಿದ ಹಾಗೆ. ಮಾತಾಡಲು ಯಾರೂ ಇಲ್ಲದ ಸಂಜೆಗಳಲ್ಲಿ ದಿನಚರಿ ಬರೆಯುತ್ತಿದ್ದೆ: ಹಾಲು ಬಂದ ಹೊತ್ತು, ಕರೆಂಟು ಹೋದ ಹೊತ್ತು, ಶೆಡ್ಡಿನ ಉಷ್ಣಾಂಶ. ಎಲ್ಲವೂ ಇದೆ ಅದರಲ್ಲಿ.

ಘಟಕಕ್ಕೆ ಬೆಂಡು ಬರುತ್ತಿದ್ದುದು ಹುಸೇನಬಿಯವರ ಮೇಡ್ಲೇರಿಯ ಹೊಲದಿಂದಲೇ. ಇದೇ ಹಿತ್ತಲಿನಲ್ಲಿ ಒಟ್ಟಿ, ಚೀಲ ತುಂಬಿ ಕಳಿಸುತ್ತಿದ್ದರು. ಮೂರನೆಯ ಬಾರಿ ಪುಡಿ ಸತ್ತ ದಿನ ಜಗಳಕ್ಕೇ ಸಿದ್ಧಳಾಗಿ ಬಂದು ಒಟ್ಟಿಲಿನೊಳಗೆ ಕೈ ಹಾಕಿದೆ. ಅಂಗೈ ಬೂದುಬಣ್ಣವಾಯಿತು.

“ಇದೇನು?”

“ಬೂದಿರಿ. ಗೆದ್ದಲ ಹತ್ತಬಾರದಂತ ಪದರ ಪದರಕ್ಕ ಉಗ್ಗೇನಿ. ನಮ್ಮ ಬೆಂಡಿಗೆ ಹಂಗ ಹಾಕ್ತೇವಿ. ನಿಮ್ಮವಕ್ಕ ಜರಡಿ ಹಿಡದು ಮೆತ್ತಂದ ಹಾಕೇನಿ.”

ಮಜ್ಜಿಗೆಗೆ ಅಡಿಗೆ ಸೋಡಾ ಬಿದ್ದರೆ ಹುಳಿ ಸಾಯುತ್ತದೆ. ಬೂದಿಯ ಕ್ಷಾರ ನನ್ನ ಹುಳಿ ಪುಡಿಗೆ ಮಾಡಿದ್ದೂ ಅದನ್ನೇ. ಅದೂ ನನ್ನದೇ ಸ್ನಾನದ ಒಲೆಯ ಬೂದಿ.

“ನನಗೇಕೆ ಹೇಳಲಿಲ್ಲ?”

“ದಿನಾ ನಿಮ್ಮ ಕಣ್ಣಮುಂದನ ಹಾಕೇನಲ್ರಿ! ನೀವು ಬರಕೋತ ಕುಂತಿದ್ರಿ.”

ಅವರಿಗೆ ನಗು ತಡೆಯಲಾಗಲಿಲ್ಲ. ಹಾಲು ಬಂದ ಹೊತ್ತನ್ನು ಬರೆದಿಟ್ಟ ಮಹಾ ವಿಜ್ಞಾನಿಯ ಬಗ್ಗೆ ನನಗೂ ಒಳ್ಳೆಯ ಮಾತೇನೂ ಹೊಳೆಯಲಿಲ್ಲ.

ಘಟಕದ ಬೆಂಡನ್ನು ಬೂದಿಯಿಲ್ಲದೆ ಕಲ್ಲಿನ ಮೇಲೆ ಬೇರೆಯಾಗಿ ಒಟ್ಟಿದೆವು. ಗೆದ್ದಲು ಹತ್ತದಂತೆ ವಾರಕ್ಕೊಮ್ಮೆ ಮಗುಚುವ ಕೆಲಸ ನನ್ನದು. ಹೊಸ ಪುಡಿ ಮೂವತ್ತೊಂದನೆಯ ದಿನವೂ ದುಡಿಯಿತು.

ನಿರ್ದೇಶಕರು ವರದಿಯನ್ನು ತಾವೇ ಬರೆಸಿ ಸಹಿಗೆ ಕಳಿಸಿದರು. ಹಿಂದಿನ ವೈಫಲ್ಯಕ್ಕೆ ಕಾರಣ: ‘ಸ್ಥಳೀಯರ ಅಜ್ಞಾನ’. ‘ಸ್ಥಳೀಯರ’ ಎಂಬುದನ್ನು ಹೊಡೆದು ‘ಸಂಶೋಧಕಿಯ’ ಎಂದು ಬರೆದೆ. ಜೊತೆಗಿದ್ದ ಪತ್ರದಲ್ಲಿ ಕೆಲಸ ಮುಗಿಯಿತು, ಮೈಸೂರಿಗೆ ಮರಳಿ ಎಂದಿತ್ತು. ಎಷ್ಟು ಕಾದಿದ್ದೆ ಈ ಸಾಲಿಗೆ! ಆದರೆ ಸಹಿಯ ಕೆಳಗೆ ವಿಳಾಸ ಬರೆಯುವಾಗ ‘ಮೈ’ ಎಂದು ಬರೆದ ಪೆನ್ನು ಅಲ್ಲೇ ನಿಂತಿತು. ನಾಳೆ ಒಟ್ಟಿಲು ಮಗುಚುವ ದಿನ.

“ಅಕ್ಕಾರ, ನೀರು ಆರತಾವ!”

“ಲಗೂ ಬಂದ್ನಿರಿ,” ಎಂದೆ. ನನ್ನ ಬಾಯಲ್ಲಿ ಈ ಮಾತು ಕೇಳಿದರೆ ಮೈಸೂರಿನಲ್ಲಿ ನಗುತ್ತಾರೆ. ಇಲ್ಲಿ ಹುಸೇನಬಿಯೂ ನಕ್ಕರು.