ತಂಬಿಗೆಯಲ್ಲಿ ಉಳಿದ ನೀರು

ಉಜ್ಜನಪ್ಪನಿಗೆ ಎಡಗಿವಿ ಕೇಳುವುದಿಲ್ಲ. ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಹಬೆಯ ಪೈಪುಗಳ ಪಕ್ಕ ನಿಂತು ಹೋಯಿತು. ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಅವನ ಕೆಲಸವಾಗಿತ್ತು. ಆ ಕೆಲಸ ನಿಂತ ಮೇಲೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಹಿಟ್ಟಿನ ಗಿರಣಿಯ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡು ಕಾರು ರಿಪೇರಿ ಮಾಡುತ್ತಾನೆ. ಬೋರ್ಡು ಹಾಕಿಲ್ಲ. ಅವನ ಸ್ಪ್ಯಾನರುಗಳ ಮೇಲೆ ಸದಾ ಗಿರಣಿಯ ಹಿಟ್ಟು ಕೂತಿರುತ್ತದೆ. ಮಾತು ಕಡಿಮೆ. ನಮ್ಮ ಯಜಮಾನರು ಅವನನ್ನು ಬಿಟ್ಟು ಬೇರೆಯವರಿಗೆ ಕಾರು ಮುಟ್ಟಲು ಕೊಡುತ್ತಿರಲಿಲ್ಲ.

ಯಜಮಾನರು, ಶಿವಯೋಗಪ್ಪನವರು, ತೀರಿಕೊಂಡು ಏಳು ತಿಂಗಳಾಯಿತು. ಅವರ ಕಾರು ಇದೆ. ಬಿಳಿಯದು, ಇಪ್ಪತ್ತೆರಡು ವರ್ಷದ್ದು. ಮಗಳು ಶಾಂಭವಿ ದಿನಾ ಅದರಲ್ಲೇ ಶಿವಮೊಗ್ಗಕ್ಕೆ ಹೋಗುತ್ತಾಳೆ. ರವೀಂದ್ರನಗರದ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಡ್ರೈವರ್ ಸೀಟು ಮುಂದೆ ಸರಿಯುವುದಿಲ್ಲ. ಅಪ್ಪನ ಕಾಲಿನ ಅಳತೆಗೇ ತುಕ್ಕು ಹಿಡಿದು ನಿಂತಿದೆ. ಶಾಂಭವಿ ಬೆನ್ನಿಗೆ ದಿಂಬು ಇಟ್ಟುಕೊಂಡು ಓಡಿಸುತ್ತಾಳೆ.

ಅವರು ಹೋದ ಮೇಲೆ ಈ ಕಾರು ಎರಡು ಸಲ ದಾರಿಯಲ್ಲಿ ಕುದಿಯಿತು. ಎರಡು ಸಲವೂ ಮಾಚೇನಹಳ್ಳಿ ಹತ್ತಿರ. ಇಂಜಿನ್ ತಣ್ಣಗಿಡಲು ಒಂದು ಹಸಿರು ನೀರು ಹಾಕುತ್ತಾರೆ, ಕೂಲೆಂಟ್ ಎನ್ನುತ್ತಾರೆ. ಅದು ಇಂಜಿನ್ ಪಕ್ಕದ ಬಾಟಲಿಯಲ್ಲಿ ತೊಟ್ಟೂ ಇರಲಿಲ್ಲವಂತೆ. ಶಿವಮೊಗ್ಗದಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ನೋಡಿದರು. ಒಬ್ಬ ಮುಚ್ಚಳ ಬದಲಿಸಿದ. ಇನ್ನೊಬ್ಬ ಎಲ್ಲೂ ಸೋರುತ್ತಿಲ್ಲ ಎಂದ.

ಶಾಂಭವಿಗೆ ಸಾಕಾಗಿತ್ತು. "ಇನ್ನೊಂದು ಸಲ ರೋಡಲ್ಲಿ ನಿಂತ್ರೆ ಗುಜರಿಗೆ ಕೊಡ್ತೀನಮ್ಮ. ಒಬ್ಬರಿಗೆ ಹೇಳಿಟ್ಟಿದೀನಿ" ಎಂದಳು.

ಅವಳದು ತಪ್ಪಲ್ಲ. ರಸ್ತೆಯಲ್ಲಿ ಒಬ್ಬಳೇ ನಿಲ್ಲುವವಳು ಅವಳು. ಆದರೆ ಅವರ ಕಾರನ್ನು ಗುಜರಿಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಉಜ್ಜನಪ್ಪನಿಗೆ ತೋರಿಸೋಣ, ಆಮೇಲೆ ನಿನ್ನಿಷ್ಟ ಎಂದೆ.

ಅವನು ಹಳೆಯ ನೀರೆಲ್ಲ ಇಳಿಸಿ ಹೊಸ ಕೂಲೆಂಟ್ ತುಂಬಿದ. ಬಾಟಲಿಯ ಮೇಲೆ ಎರಡು ಗೆರೆ ಇವೆ. ಮೇಲಿನ ಗೆರೆಗೆ ಸರಿಯಾಗಿ ಹಾಕಿದ. ರಾತ್ರಿ ಕಾರಿನ ಕೆಳಗೆ ಪೇಪರು ಹಾಸಿ, ಬೆಳಿಗ್ಗೆ ನೋಡಿ ಎಂದ. ಏಳು ದಿನ ಹಾಸಿದೆವು. ಪೇಪರು ಒಣಗಿಯೇ ಇತ್ತು. ವಾರ ಬಿಟ್ಟು ಬಂದು ಬಾಟಲಿ ನೋಡಿದ. ಮೇಲಿನ ಗೆರೆಯಲ್ಲೇ ಇತ್ತು. ಇನ್ನೊಂದು ವಾರ ಬಿಟ್ಟು ಬಂದ. ಆಗಲೂ ಅಲ್ಲೇ ಇತ್ತು.

ಅವನ ತಲೆ ಕೆಟ್ಟಿತು. ನನಗೂ ಏನೂ ತಿಳಿಯಲಿಲ್ಲ. ಸೋರದಿದ್ದರೆ ಕುದಿಯುವಾಗ ನೀರು ಎಲ್ಲಿ ಹೋಗಿತ್ತು? ಸೋರುತ್ತಿದ್ದರೆ ಈಗ ಯಾಕೆ ಇಳಿಯುತ್ತಿಲ್ಲ? ಅರ್ಧ ಕಿವಿಯವನಿಗೆ ಅರ್ಧ ಕಾರೇ ಕಾಣೋದು ಎಂದು ಶಾಂಭವಿ ಒಳಗಿನಿಂದ ಗೊಣಗಿದಳು. ಅವನ ಬಲಗಿವಿ ಈ ಕಡೆಗಿತ್ತು. ಕೇಳಿಸಿಕೊಂಡ. ಬಾನೆಟ್ಟು ಮುಚ್ಚಿ ಹೊರಟ.

ಮೂರನೇ ವಾರ ನನ್ನ ಹತ್ತಿರ ಎರಡು ಗಾಜಿನ ಲೋಟ ಕೇಳಿದ. ಬಾಟಲಿಯಿಂದ ಸ್ವಲ್ಪ ಒಂದಕ್ಕೆ ಬಗ್ಗಿಸಿದ. ಹೊಸ ಡಬ್ಬಿಯಿಂದ ಸ್ವಲ್ಪ ಇನ್ನೊಂದಕ್ಕೆ. ಹೊಸದು ಎಲೆಯಷ್ಟು ಹಸಿರು. ಬಾಟಲಿಯದು ಎಳನೀರಿನ ಹಾಗೆ ತಿಳಿ.

"ಮಟ್ಟ ಸರಿ ಇದೆ. ಬಣ್ಣ ಎಲ್ಲಿ ಹೋಯ್ತು?" ಎಂದ. ಶಾಂಭವಿಯನ್ನು ನೋಡಿದ. ಅವಳು "ನಾನು ಬಾನೆಟ್ಟೇ ತೆಗೆದಿಲ್ಲ" ಎಂದಳು. ಆಮೇಲೆ ನನ್ನನ್ನು ನೋಡಿದ.

"ಅಕ್ಕ, ನೀವೇನಾದ್ರೂ ಹಾಕ್ತೀರಾ ಇದಕ್ಕೆ?"

"ಹಾಕ್ತೀನಿ. ದಿನಾ."

ಯಜಮಾನರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಂಬಿಗೆಯಲ್ಲಿ ಉಳಿದ ನೀರು ಹಿಡಿದು ಹೊರಗೆ ಬರುತ್ತಿದ್ದರು. ಬಾನೆಟ್ಟು ಎತ್ತಿ, ಬಾಟಲಿಯ ಮೇಲಿನ ಗೆರೆ ಬರುವಷ್ಟು ಹಾಕುತ್ತಿದ್ದರು. ಮಿಕ್ಕದ್ದು ಕಣಗಿಲೆ ಗಿಡಕ್ಕೆ. ಆಮೇಲೆ ಕಾರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಅಡಿಗೆಮನೆ ಕಿಟಕಿಯಿಂದ ನೋಡಿದ್ದೇನೆ. ಅದೂ ಪೂಜೆಯೇ ಎಂದುಕೊಂಡಿದ್ದೆ. ಕೇಳಿರಲಿಲ್ಲ. ಪೂಜೆಯನ್ನು ಯಾಕೆ ಎಂದು ಯಾರು ಕೇಳುತ್ತಾರೆ? ಅವರ ಶಿವಗಣಾರಾಧನೆ ಮುಗಿದ ಮರುದಿನದಿಂದ ನಾನು ಹಾಕುತ್ತಿದ್ದೆ. ಕಾರು ಕುದಿಯುವುದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನನಗೆ ಹೊಳೆಯಲೇ ಇಲ್ಲ.

"ಯಾಕಮ್ಮ ಹೇಳ್ಲಿಲ್ಲ?" ಎಂದಳು ಶಾಂಭವಿ.

"ನೀನು ಕೇಳ್ಲಿಲ್ಲ."

ಉಜ್ಜನಪ್ಪ ನಗಲಿಲ್ಲ. ಕಾರು ಕುದಿದಾಗ ನಾನು ಎಲ್ಲಿದ್ದೆ ಎಂದು ಕೇಳಿದ. ಎರಡು ಸಲವೂ ನಾನು ಶಿವಮೊಗ್ಗದಲ್ಲಿದ್ದೆ, ಕೋಟೆ ರಸ್ತೆಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ. ಒಂದು ಸಲ ಎಂಟು ದಿನ, ಒಂದು ಸಲ ಹತ್ತು ದಿನ. ಅಲ್ಲಿಗೆ ಅವನಿಗೆ ಅರ್ಥವಾಯಿತು. ನಾನು ಇದ್ದಾಗ ಸೋರಿದ್ದು ತುಂಬುತ್ತಿತ್ತು. ಇಲ್ಲದಾಗ ಖಾಲಿಯಾಗುತ್ತಿತ್ತು. ಐದು ದಿನ ನೀರು ಹಾಕಬೇಡಿ ಎಂದು ಹೇಳಿಹೋದ.

ಐದು ದಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತೆ. ಎಡೆ ಇಡದೆ ಬಿಟ್ಟ ಹಾಗಾಗುತ್ತಿತ್ತು. ಎಲ್ಲ ಗಿಡಕ್ಕೇ ಸುರಿದೆ.

ಐದನೇ ಸಂಜೆ ನೀರು ಎರಡು ಬೆರಳು ಇಳಿದಿತ್ತು. ಉಜ್ಜನಪ್ಪ ಮಗು ಹುಟ್ಟಿದ ಸುದ್ದಿ ಕೇಳಿದವನ ಹಾಗೆ ಮುಖ ಅರಳಿಸಿದ. ಆಮೇಲೆ ಮನೆಯಲ್ಲಿ ವಿಭೂತಿ ಇದೆಯಾ ಎಂದು ಕೇಳಿದ. ಕಾರ್ಖಾನೆಯಲ್ಲಿ ಪೈಪಿನ ಜೋಡಣೆ ಇರುವ ಕಡೆಯಲ್ಲೆಲ್ಲ ಒಣ ಬೂದಿ ಹಚ್ಚುತ್ತಿದ್ದರಂತೆ. ಎಲ್ಲಿ ಬೂದಿ ನೆನೆಯುತ್ತದೋ ಅಲ್ಲಿ ತೂತು.

ಮನೆಯಲ್ಲಿ ಇದ್ದದ್ದು ಅವರ ವಿಭೂತಿ ಗಟ್ಟಿ ಒಂದೇ. ತಂದುಕೊಟ್ಟೆ. ಒಂದು ಕಡೆ ಅವರ ಮೂರು ಬೆರಳು ತಿಕ್ಕಿ ತಿಕ್ಕಿ ಸವೆದಿತ್ತು. ಉಜ್ಜನಪ್ಪ ನೋಡಿದ.

"ಇದು ಬೇಡ ಅಕ್ಕ. ಅಂಗಡೀದು ತರ್ತೀನಿ."

"ಇದನ್ನೇ ತಗೋ" ಎಂದೆ.

ಸವೆಯದ ಕಡೆಯಿಂದ ಕೆರೆದುಕೊಂಡ. ಇಂಜಿನ್ನಿನ ಪೈಪುಗಳನ್ನೆಲ್ಲ ಒರೆಸಿ, ಬ್ರಷ್ಷಿನಿಂದ ವಿಭೂತಿ ಹಚ್ಚಿದ. ಶಾಂಭವಿಗೆ ಶಿವಮೊಗ್ಗಕ್ಕೆ ಹೋಗಿ ಹಾಗೇ ತಿರುಗಿ ಬಾ ಎಂದ. ಅವಳು ಬರುವವರೆಗೆ ಜಗಲಿಯಲ್ಲಿ ಕೂತು ಮಂಡಕ್ಕಿ ತಿಂದ.

ಬಂದ ಕೂಡಲೇ ಬಾನೆಟ್ಟು ಎತ್ತಿದ. ಎಲ್ಲ ಬೆಳ್ಳಗೇ ಇತ್ತು. ಇಂಜಿನ್ನಿನ ಹಿಂದೆ, ಕೈ ತೂರದ ಜಾಗದಲ್ಲಿ, ಒಂದು ಸಣ್ಣ ರಬ್ಬರ್ ಪೈಪಿನ ಮೇಲೆ ಮಾತ್ರ ಒದ್ದೆ ಗೆರೆ ಕಂಡಿತು. ಕೂದಲಷ್ಟು ಸಣ್ಣದು. ಕಾದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ತೊಟ್ಟು ಕೆಳಗಿನ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಅಲ್ಲೇ ಹಬೆಯಾಗಿ ಹೋಗುತ್ತಿತ್ತು. ನೆಲಕ್ಕೆ ಬೀಳುತ್ತಲೇ ಇರಲಿಲ್ಲ.

ಮರುದಿನ ಪೈಪು ಬದಲಿಸಿ ಮತ್ತೆ ಹೊಸ ಕೂಲೆಂಟ್ ತುಂಬಿದ. ಮೂರು ವಾರ ಕಾದೆವು. ನಾನು ಏನೂ ಹಾಕಲಿಲ್ಲ. ನೀರು ಇಳಿಯಲಿಲ್ಲ, ಬಣ್ಣವೂ ಹೋಗಲಿಲ್ಲ. ಶಾಂಭವಿ ನನ್ನ ಎದುರೇ ಗುಜರಿಯವನಿಗೆ ಫೋನ್ ಮಾಡಿ ಬೇಡ ಎಂದಳು.

ಕೊನೆಯ ಸಲ ಬಾಟಲಿ ನೋಡಲು ಬಂದ ಉಜ್ಜನಪ್ಪನ ಹತ್ತಿರ ಒಂದು ಮಾತು ಕೇಳಬೇಕಿತ್ತು. ಅವನ ಬಲಗಿವಿಯ ಕಡೆ ಹೋಗಿ ನಿಂತೆ. ಸೋರುವುದು ಯಜಮಾನರಿಗೆ ಗೊತ್ತಿತ್ತಾ ಎಂದೆ.

ಅವನು ಸ್ಪ್ಯಾನರ್ ಒರೆಸಿದ. "ನನ್ನ ಹತ್ರ ಒಂದಿನಾನೂ ಹೇಳಿಲ್ಲ. ಗೊತ್ತಿದ್ದು ಹಾಕ್ತಿದ್ರೋ, ಪೂಜೆ ಅಂತ ಹಾಕ್ತಿದ್ದದ್ದಕ್ಕೆ ಗೊತ್ತೇ ಆಗ್ಲಿಲ್ವೋ. ಇದೇನು ಪೈಪಾ ಅಕ್ಕ, ವಿಭೂತಿ ಹಚ್ಚಿ ನೋಡೋಕೆ?"

ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ದಿನ ಹೀಗೆ ಅನಿಸುತ್ತದೆ, ಒಂದು ದಿನ ಹಾಗೆ. ಮೂವತ್ತೈದು ವರ್ಷ ಜೊತೆಗಿದ್ದೆ. ಕಿಟಕಿಯಿಂದ ಈಚೆ ಬಂದು ಒಂದು ಮಾತು ಕೇಳಬಹುದಿತ್ತು.

ಉಜ್ಜನಪ್ಪ ಹೊರಡುವಾಗ ನನ್ನ ಕೈಯಲ್ಲಿದ್ದ ತಂಬಿಗೆ ನೋಡಿದ. ಮತ್ತೆ ಬಾನೆಟ್ಟು ಎತ್ತಿ, ಆ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿದ. ಪಕ್ಕದ ಇನ್ನೊಂದು ಮುಚ್ಚಳ ತೋರಿಸಿದ.

"ಇದು ಮುಂದಿನ ಗಾಜು ತೊಳೆಯೋ ನೀರು. ಇದಕ್ಕೆ ಹಾಕಿ. ಎಷ್ಟು ಹಾಕಿದ್ರೂ ಕಾರಿಗೆ ಏನೂ ಆಗಲ್ಲ."

ಈಗ ಅದಕ್ಕೆ ಹಾಕುತ್ತೇನೆ. ಅದು ಒಂದೆರಡು ದಿನಕ್ಕೇ ತುಂಬಿಬಿಡುತ್ತದೆ. ಶಾಂಭವಿ ಗೇಟು ದಾಟುವ ಮೊದಲು ಗಾಜಿಗೆ ನೀರು ಚಿಮ್ಮಿಸಿ ವೈಪರ್ ಹಾಕುತ್ತಾಳೆ. ಗಾಜು ಚೊಕ್ಕಟ ಇದ್ದರೂ ಹಾಕುತ್ತಾಳೆ, ನಾಳೆ ನನಗೆ ಜಾಗ ಇರಲಿ ಎಂದು.