ದೇವಾಪುರದ ಬಾವಿಯಲ್ಲಿ ಮೂರು ದಿನದ ಮುಳುಗು ವಿದ್ಯೆ

ಬೆಳಿಗ್ಗೆ ಆರೂವರೆಗೆ ಯಾದಗಿರಿಯಿಂದ ಶಹಾಪುರದ ಬಸ್ಸು ಬಿಟ್ಟಿತು. ನನ್ನ ಬಳಿ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ನೀರಿನಡಿ ಹಾಕಿಕೊಳ್ಳುವ ಮಾಸ್ಕು, ರಬ್ಬರ್ ಉಡುಪು ಮತ್ತು ಪಾದಕ್ಕೆ ತೊಡುವ ಉದ್ದನೆಯ ರೆಕ್ಕೆಗಳು. ರೆಕ್ಕೆಯ ತುದಿ ಚೀಲದಿಂದ ಹೊರಗೆ ಇಣುಕುತ್ತಿತ್ತು.

"ಏನ್ರಿ ಅಕ್ಕಾರ, ಬಾತುಕೋಳಿ ಕಾಲು ಕಿತ್ಕೊಂಡ್ ಹೊಂಟೀರೇನು?" ಎಂದು ಕಂಡಕ್ಟರ್ ಕೇಳಿದ.

"ಸುರಪುರ ಕಡಿ ನೀರಾಗ ಮುಳುಗೋದು ಕಲಿಸಾಕತ್ತಾರ್ರಿ. ಅದಕ್ಕ ಹೊಂಟೀನಿ" ಎಂದೆ.

"ಮುಳುಗಾಕ ಕಲಿಬೇಕೇನ್ರಿ? ಅದು ತಾನ ಬರ್ತದ" ಎಂದು ನಕ್ಕು ಮುಂದಿನ ಸೀಟಿಗೆ ಹೋದ. ನಾನೂ ನಕ್ಕೆ.

ನಾನು ಯಾದಗಿರಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಏಳು ವರ್ಷದ ಹಿಂದೆ ಕರಾವಳಿಗೆ ಹೋಗಿ ಸ್ಕೂಬಾ ಕಲಿತೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಉಸಿರಾಡುವ ವಿದ್ಯೆ ಅದು. ಆಮೇಲೆ ಪ್ರತಿ ಬೇಸಿಗೆ ರಜೆಯಲ್ಲೂ ಹೋಗಿ, ತರಬೇತುದಾರರಿಗೆ ಸಹಾಯಕಿಯಾಗುವ ದರ್ಜೆಯವರೆಗೆ ಪರೀಕ್ಷೆ ಮುಗಿಸಿದ್ದೇನೆ. ಕೃಷ್ಣಾ ದಂಡೆಯ ಆರು ಜನ ಈಜುಗಾರರಿಗೆ ಕೋರ್ಸ್ ನಡೆಸುತ್ತೇವೆ, ಸಹಾಯಕ್ಕೆ ಬನ್ನಿ ಎಂದು ಸುರಪುರದ ಒಂದು ಸಂಘದವರು ಕರೆದಾಗ ಶಾಲೆಗೆ ಮೂರು ದಿನ ರಜೆ ಹಾಕಿದೆ. ನಮ್ಮ ಸೀಮೆಗೆ ಈ ವಿದ್ಯೆ ಬರುತ್ತದೆಂದು ಎಷ್ಟು ಹಿಗ್ಗಿದ್ದೆನೆಂದರೆ, ಮೂರೇ ದಿನದಲ್ಲಿ ಹೇಗೆ ಮುಗಿಸುತ್ತೀರಿ ಎಂದು ಫೋನಿನಲ್ಲಿ ಕೇಳಲೇ ಇಲ್ಲ. ಅದು ನನ್ನ ತಪ್ಪು.

ಭೀಮಾ ಸೇತುವೆ ದಾಟುವಾಗ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚಿತ್ತು. ಫೆಬ್ರುವರಿ ಬೆಳಗಿನ ಚಳಿ ಶಹಾಪುರ ಬರುವಷ್ಟರಲ್ಲಿ ಹೋಗಿತ್ತು. ಅಲ್ಲಿ ಬಸ್ಸು ಬದಲಿಸುವ ಮುಂಚೆ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಚಹಾ ಕುಡಿದೆ. ಸುರಪುರದ ದಾರಿಯಲ್ಲಿ ಕಾಲುವೆ ನೀರು ಹರಿಯುವ ಕಡೆ ಹಸಿರು ಭತ್ತ, ಹರಿಯದ ಕಡೆ ಬಿಡಿಸಿ ಮುಗಿದ ಹತ್ತಿಯ ಕಟ್ಟಿಗೆ. ಕಣಗಳಲ್ಲಿ ಮೆಣಸಿನಕಾಯಿ ಹರವಿದ್ದರು. ಅದರ ಘಾಟಿಗೆ ಅರ್ಧ ಬಸ್ಸು ಸೀನಿತು.

ಸುರಪುರದಲ್ಲಿ ಸಂಘದ ಸಭಾಂಗಣದಲ್ಲಿ ಮೊದಲ ದಿನದ ಪಾಠ. ತರಬೇತುದಾರನ ಹೆಸರು ಕಿರಣ್. ಕರಾವಳಿಯ ಯಾವುದೋ ಡೈವಿಂಗ್ ಶಾಲೆಯವನು, ಮೂವತ್ತೆರಡರ ಆಸುಪಾಸು, ನಗುಮುಖ. ಗೋಡೆಯ ಮೇಲೆ ಇಂಗ್ಲಿಷ್ ವಿಡಿಯೋ ಹಚ್ಚಿ ಫೋನ್ ಹಿಡಿದು ಹೊರಗೆ ಹೋದ. ಆರು ಜನರಲ್ಲಿ ನಾಲ್ವರಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಎದ್ದು ನಿಂತು ನನಗೆ ತಿಳಿದಂತೆ ಕನ್ನಡದಲ್ಲಿ ಹೇಳುತ್ತ ಹೋದೆ. ವಿಡಿಯೋ ಮುಗಿದ ಮೇಲೆ ಪರೀಕ್ಷೆ. ಕಿರಣ್ ಪ್ರಶ್ನೆ ಓದಿದ, ಉತ್ತರವನ್ನೂ ತಾನೇ ಓದಿದ. ಅವನು ಹೇಳಿದ ಉತ್ತರಕ್ಕೆ ಎಲ್ಲರೂ ಗುರುತು ಹಾಕಿದರು. ಎಲ್ಲರೂ ಪಾಸಾದರು.

ಬಳಿಕ ಆರೋಗ್ಯದ ಫಾರಂ. ಕಿವಿ ನೋವಿದೆಯೇ, ಉಬ್ಬಸವಿದೆಯೇ, ಹೃದಯದ ತೊಂದರೆ ಇದೆಯೇ ಎಂದು ಒಂದು ಪುಟ ಪ್ರಶ್ನೆಗಳಿರುತ್ತವೆ. ಒಂದಕ್ಕೆ 'ಹೌದು' ಎಂದರೂ ಡಾಕ್ಟರರ ಒಪ್ಪಿಗೆ ಬೇಕು. "ಎಲ್ಲದಕ್ಕೂ ಇಲ್ಲ ಅಂತ ಬರೀರಿ, ಟೈಮ್ ಉಳಿಯುತ್ತೆ" ಎಂದ ಕಿರಣ್. ನನ್ನ ಪಕ್ಕದಲ್ಲಿ ಹಣಮಂತ ಎನ್ನುವವರು ಕೂತಿದ್ದರು. ನಲವತ್ತರ ಗಟ್ಟಿ ಆಳು. ಹೊಳೆಯಲ್ಲಿ ಹರಗೋಲು ಮಗುಚಿದಾಗಲೆಲ್ಲ ಮೊದಲು ಜಿಗಿಯುವವರು ಅವರೇ ಎಂದು ಉಳಿದವರು ಹೇಳಿದ್ದರು. ಅವರ ಅಂಗಿಯ ಕಿಸೆಯಲ್ಲಿ ಉಬ್ಬಸದ ಪಂಪು ಇತ್ತು. ಅದು ಕಿಸೆಯಲ್ಲಿದ್ದಂತೆಯೇ 'ಇಲ್ಲ' ಎಂದು ಬರೆದರು.

ನಾನು ಕಿರಣ್‌ನನ್ನು ಹೊರಗೆ ಕರೆದು ಹೇಳಿದೆ. ಉಬ್ಬಸ ಇದ್ದವರ ಎದೆಯಲ್ಲಿ ನೀರಿನಡಿ ಗಾಳಿ ಸಿಕ್ಕಿಕೊಂಡರೆ ಮೇಲೆ ಬರುವಾಗ ಶ್ವಾಸಕೋಶವೇ ಹರಿಯಬಹುದು. ಇದು ಅವನು ನನಗಿಂತ ಮೊದಲು ಕಲಿತ ಮಾತು.

"ಮೇಡಂ, ಸ್ವಲ್ಪ ಫ್ಲೆಕ್ಸಿಬಲ್ ಆಗಿರ್ಬೇಕು. ಹಳ್ಳಿಯವರು, ಗಟ್ಟಿ ಜನ. ಎಲ್ಲ ರೂಲ್ಸ್ ಹಿಡ್ಕೊಂಡ್ರೆ ಯಾರೂ ಕಲಿಯೋಲ್ಲ" ಎಂದ.

ಆ ಮಾತು ನನ್ನ ಮೈಯೆಲ್ಲ ಉರಿಸಿತು. ಹಳ್ಳಿಯವರ ಎದೆಗೂಡು ಬೇರೆ ಮಣ್ಣಿನಿಂದ ಮಾಡಿದ್ದೇ? ನಿಜಕ್ಕೂ ಫ್ಲೆಕ್ಸಿಬಲ್ ಆದ, ಬಗ್ಗುವ ಗುರು ಹೇಗಿರುತ್ತಾರೆಂದು ನಾನು ನೋಡಿದ್ದೇನೆ. ನನಗೆ ಕಲಿಸಿದ ಹಿರಿಯರು, ಮಾಸ್ಕಿನೊಳಗೆ ನೀರು ಬಂದರೆ ಕಂಗೆಡುತ್ತಿದ್ದ ನನಗಾಗಿ ಹನ್ನೊಂದು ದಿನ ಕಾದರು. ಬಕೆಟ್ಟಿನಲ್ಲಿ ಮುಖ ಅದ್ದಿಸಿದರು, ದಂಡೆಯ ಮೆಟ್ಟಿಲ ಮೇಲೆ ಕೂರಿಸಿದರು, ಪಾಠದ ಕ್ರಮ ಹಿಂದುಮುಂದು ಮಾಡಿದರು. ಕಲಿಸುವ ರೀತಿಯನ್ನು ನನಗೆ ತಕ್ಕಂತೆ ಬದಲಿಸಿದರೇ ಹೊರತು, ಕಲಿಯಬೇಕಾದದ್ದರಲ್ಲಿ ಒಂದು ಕೂದಲೆಳೆ ಬಿಡಲಿಲ್ಲ. ಕಿರಣ್ ಮಾಡುತ್ತಿದ್ದುದು ಇದರ ತದ್ವಿರುದ್ಧ. ಅವನ ರೀತಿ ಒಂದೇ, ಬಿಡುತ್ತಿದ್ದುದು ಪಾಠವನ್ನು.

ಎರಡನೆಯ ದಿನ ಎಲ್ಲರೂ ಟೆಂಪೋ ಹತ್ತಿ ದೇವಾಪುರಕ್ಕೆ ಹೋದೆವು. ಊರ ಹೊರಗಿನ ಹೊಲದಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿ. ಇಳಿಯಲು ಮೆಟ್ಟಿಲು, ಎರಡಾಳಿಗೂ ಮಿಕ್ಕಿದ ಆಳದ ನೀರು. ಮೊದಲ ಪಾಠಕ್ಕೆ ಜಾಗ ಕೆಟ್ಟದ್ದಲ್ಲ. ಒಬ್ಬೊಬ್ಬರೇ ತಳಕ್ಕಿಳಿದು, ಮಾಸ್ಕಿನೊಳಗೆ ನೀರು ಬಿಟ್ಟುಕೊಂಡು, ಮೂಗಿನಿಂದ ಉಸಿರು ಬಿಟ್ಟು ಅದನ್ನು ಹೊರಹಾಕಬೇಕು. ನನ್ನನ್ನು ತಳದಲ್ಲಿ ಕಾಯಲು ಇಳಿಸಿ, ಕಿರಣ್ ಒಬ್ಬೊಬ್ಬರಿಗೆ ಎರಡು ನಿಮಿಷ ಕೊಟ್ಟ.

ನಾಲ್ಕನೆಯವಳು ಭೀಮವ್ವ. ಕುರಿ ಸಾಕುವ ಮನೆಯವಳು, ಇಪ್ಪತ್ತೆಂಟು ವಯಸ್ಸು. ಕಾಲುವೆಯಲ್ಲಿ ಕುರಿ ತೊಳೆಯುತ್ತ ಈಜು ಕಲಿತು, ಅದೇ ಕಾಲುವೆಗೆ ಬಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಎಳೆದು ತಂದವಳು. ತಳದಲ್ಲಿ ಅವಳ ಮಾಸ್ಕಿಗೆ ನೀರು ತುಂಬಿದ್ದೇ ತಡ, ಬಾಯಿಯ ಕೊಳವೆ ಕಚ್ಚಿ ಹಿಡಿದು, ಉಸಿರು ಕಟ್ಟಿ ಮೇಲಕ್ಕೆ ಚಿಮ್ಮಿದಳು. ಹಾಗೆ ಏರಿದರೆ ಎದೆಯಲ್ಲಿ ಗಾಳಿ ಹಿಗ್ಗಿ ಉಬ್ಬಸ ಇಲ್ಲದವರ ಶ್ವಾಸಕೋಶವೂ ಹರಿಯಬಹುದು. ನಾನು ಅವಳ ಸೊಂಟದ ಪಟ್ಟಿ ಹಿಡಿದು ಜಗ್ಗಿದೆ. ಹೊಟ್ಟೆಗೆ ಗುದ್ದಿ, ಉಸಿರು ಬಿಡು ಎಂದು ಸನ್ನೆ ಮಾಡಿದೆ. ಅವಳ ಬಾಯಿಂದ ಗುಳ್ಳೆಗಳು ಹೊರಟ ಮೇಲೆಯೇ ಪಟ್ಟಿ ಸಡಿಲಿಸಿದೆ. ಮೇಲೆ ಬಂದಾಗ ಅವಳ ಮೂಗಿನಿಂದ ರಕ್ತ ಇಳಿಯುತ್ತಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಕಿರಣ್ ಹಾಳೆ ನೋಡಿ, "ಆಯ್ತು, ಇವರದ್ದೂ ಟಿಕ್. ನೆಕ್ಸ್ಟ್" ಎಂದ.

"ಏನು ಆಯ್ತು?" ಎಂದು ಕೂಗಿದೆ. ಬಾವಿಯ ಗೋಡೆಗೆ ಬಡಿದು ನನ್ನ ದನಿ ನನಗೇ ಕೇಳಿತು. "ಆಕಿ ಏನ್ ಮಾಡ್ಯಾಳಂತ ಟಿಕ್ ಹಾಕ್ತೀರಿ? ಉಸಿರು ಕಟ್ಟಿ ಮ್ಯಾಲ ಬಂದಾಳ!"

"ಕೆಳಗೆ ಹೋದ್ರು, ಬಂದ್ರು. ಮುಂದೆ ರೂಢಿ ಆಗುತ್ತೆ."

ಭೀಮವ್ವ ಅಂಗೈಯಿಂದ ಮೂಗು ಒರೆಸಿಕೊಳ್ಳುತ್ತ ಇಬ್ಬರನ್ನೂ ನೋಡಿದಳು. "ಸರ್, ನನಗ ಬಂದಿಲ್ಲರಿ. ಬಂದಿಲ್ಲ ಅಂತ ಬರೀರಿ" ಎಂದಳು. ಕಿರಣ್ ನಕ್ಕು ಮುಂದಿನವರನ್ನು ಕರೆದ.

ಆ ದಿನ ಊಟ ಭೀಮವ್ವನ ಮನೆಯಲ್ಲಿ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಉಂಡ ಮೇಲೆ ಅವಳ ಅತ್ತೆ ಹಿತ್ತಲಿಗೆ ಒಂದು ದೊಡ್ಡ ಬೋಗುಣಿ ತಂದಿಟ್ಟು ನೀರು ತುಂಬಿದರು. ನಾನು ಹೇಳಿಕೊಟ್ಟಂತೆ ಭೀಮವ್ವ ಬಾಯಲ್ಲಿ ಗಾಳಿಯ ಕೊಳವೆ ಕಚ್ಚಿಕೊಂಡು, ಮಾಸ್ಕು ಇಲ್ಲದೆ ಮುಖ ಅದ್ದಿ, ಬಾಯಿಂದ ಎಳೆದು ಮೂಗಿನಿಂದ ಬಿಡುವುದನ್ನು ಮಾಡಿದಳು. ಮೊದಲು ಎರಡು ಎಣಿಕೆಗೆ ಎದ್ದಳು, ಸಂಜೆಯ ಹೊತ್ತಿಗೆ ಅರವತ್ತರವರೆಗೆ ಕೂತಳು. ಅತ್ತೆ ಪಕ್ಕದಲ್ಲಿ ಕುಂತು ಎಣಿಸುತ್ತಿದ್ದರು. "ಹ್ವಾದ ಜಲ್ಮದಾಗ ಮೀನ ಇದ್ದಿ ನೋಡ" ಎಂದು ಸೊಸೆಯ ಬೆನ್ನು ತಟ್ಟಿದರು.

ಮೂರನೆಯ ದಿನ ಬಿಸಿಲು ಏರುವ ಮುಂಚೆ ಭೀಮವ್ವ ಬಾವಿಯ ತಳದಲ್ಲಿ ಮಾಸ್ಕಿನ ನೀರನ್ನು ಮೂರು ಸಲ ಹೊರಹಾಕಿದಳು. ಕಿರಣ್ ಎದುರಿಗೇ ಇದ್ದು ನೋಡಿದ. ಅವನಿಗೂ ಖುಷಿಯಾದದ್ದು ಮುಖದಲ್ಲಿ ಕಂಡಿತು. ಹಾಗಾದರೆ ಉಳಿದ ಐವರಿಗೂ ಇನ್ನೊಂದು ದಿನ ಕೊಡೋಣ ಎಂದೆ. ಟಿಕೆಟ್ ಆಗಿದೆ, ಆಗಲ್ಲ ಎಂದ. ಕೊನೆಗೆ ಕೆರೆ, ಕಡಲಿನಂಥ ತೆರೆದ ನೀರಿನಲ್ಲಿ ನಾಲ್ಕು ಸಲ ಇಳಿಯಬೇಕೆಂಬುದು ಕೋರ್ಸಿನ ನಿಯಮ. ಅವನು ಬಾವಿಯಲ್ಲೇ ಎರಡು ಸಲ ಇಳಿಸಿ, ಹಾಳೆಯಲ್ಲಿ ನಾಲ್ಕು ಎಂದು ಬರೆದು, ಸಹಾಯಕಿ ಎಂದಿದ್ದ ಕಡೆ ಸಹಿ ಮಾಡಲು ನನ್ನ ಮುಂದಿಟ್ಟ.

ನಾನು ಪೆನ್ನು ಮುಟ್ಟಲಿಲ್ಲ. ಕೋರ್ಸ್ ಮುಗಿಸಿದವರಿಗೆ ಒಂದು ಕಾರ್ಡ್ ಸಿಗುತ್ತದೆ. ಸರಿಯಾಗಿ ಪಾಸಾದರೂ ಆ ಕಾರ್ಡಿನ ಅರ್ಥ ಇಷ್ಟೇ: ತಿಳಿನೀರಿನಲ್ಲಿ, ಜೊತೆಗಾರನೊಂದಿಗೆ ಇಳಿದು ಮೀನು ನೋಡಿ ಬರಬಹುದು. ಸಂಘದವರಾದರೋ ಎರಡು ಜೊತೆ ಸಲಕರಣೆ ಕೊಂಡು, ಮುಳುಗಿದವರನ್ನು ಹುಡುಕಲೆಂದು ಕಾರ್ಡ್ ಇದ್ದವರನ್ನು ಕೃಷ್ಣೆಯ ಕೆಸರಿನ ಸೆಳವಿಗೆ ಇಳಿಸಲು ಕಾಯುತ್ತಿದ್ದರು. ಮೂರು ದಿನದ ಸುಳ್ಳಿಗೆ ನಾನು ಸಹಿ ಹಾಕಿದರೆ, ಆ ಸೆಳವಿನಲ್ಲಿ ಆಗುವುದಕ್ಕೆಲ್ಲ ನನ್ನ ಹೆಸರು ಅಂಟುತ್ತದೆ.

ಆಗ ಎದುರು ಮಾತಾಡಿದವರು ಹಣಮಂತ. "ಅಕ್ಕೋರ, ನಿಮ್ಮ ಕಡಿ ಕಾರ್ಡ್ ಐತಿ. ನಮ್ಮ ಕೈಗೆ ಬರೋ ಹೊತ್ತಿಗಿ ರೂಲ್ಸ್ ಹೇಳ್ತೀರಿ. ಇಷ್ಟು ವರ್ಷ ಹೆಣ ತೆಗದೀವಿ, ಯಾರೂ ನಮಗೊಂದು ಕಾಗದ ಕೊಟ್ಟಿಲ್ಲ."

ನಾಚಿಕೆಯಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಇಂಥವರ ಹಸಿವಿಗೆ ಹಳಸಿದ್ದನ್ನು ಬಡಿಸಿದರಲ್ಲ ಎಂಬ ಸಿಟ್ಟು. ಕಿರಣ್ ನನ್ನ ಜಾಗದಲ್ಲಿ ಬೇರೆ ಯಾರದೋ ಹೆಸರು ಬರೆದುಕೊಂಡ. ಐವರು ಕಾರ್ಡ್ ತೆಗೆದುಕೊಂಡರು. ಭೀಮವ್ವ ಕೈ ಚಾಚಲಿಲ್ಲ. ತರಬೇತಿ ಅರ್ಧ ಆಗಿದೆ, ಉಳಿದದ್ದನ್ನು ಬೇರೆ ಕಡೆ ಮುಗಿಸಬಹುದು ಎಂದು ಬರೆದುಕೊಡುವ ಒಂದು ಕಾಗದ ಇರುತ್ತದೆ. ಅದನ್ನು ನಾನು ಹೇಳಿದ್ದೆ. "ನನಗ ಅದನ್ನ ಕೊಡ್ರಿ ಸರ್" ಎಂದು ಕೇಳಿ ಬರೆಸಿಕೊಂಡಳು.

ಮಧ್ಯಾಹ್ನ ದೇವಾಪುರದಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕೆಳಗೆ ಚಹಾದಂಗಡಿ ಮುಂದೆ ಹಣಮಂತ ಕಾರ್ಡ್ ತೋರಿಸುತ್ತಿದ್ದರು. ಬಿಳಿ ಟೊಪ್ಪಿಗೆಯ ರೈತರೊಬ್ಬರು ಅದನ್ನು ತಿರುಗಿಸಿ ನೋಡಿ ಹೇಳಿದರು: "ಛಲೋ ಆತು ಬಿಡು. ನಮ್ಮ ಮೋಟರಿನ ಪೈಪು ಹೊಳಿ ತಳದಾಗ ಸಿಕ್ಕೊಂಡೈತಿ. ನಾಳಿ ಮುಂಜಾನಿ ಸಂಘದ ಸಿಲಿಂಡರ್ ಹಾಕ್ಕೊಂಡು ಇಳದು ಬಿಡಿಸಿಕೊಡು."

"ಬರ್ತೀನ್ರಿ ಗೌಡ್ರ" ಎಂದರು ಹಣಮಂತ.

ಬಸ್ಸು ಚಲಿಸತೊಡಗಿತ್ತು. ನಾನು ಕೂಗಿ ನಿಲ್ಲಿಸಿ ಎರಡೂ ಚೀಲ ಎಳೆದುಕೊಂಡು ಇಳಿದೆ. ಹಣಮಂತ ಮುಖ ತಿರುಗಿಸಿದರು. ಅವರ ಎದುರು ಬೆಂಚಿನ ಮೇಲೆ ಕೂತೆ. ನಿಯಮದ ಮಾತು ತೆಗೆಯಲಿಲ್ಲ. "ಮೋಟರ್ ಚಾಲೂ ಇದ್ರ ಪೈಪು ಕೈ ಜಗ್ಗತದ. ಕೆಸರಾಗ ಏನೂ ಕಾಣಂಗಿಲ್ಲ. ಅಲ್ಲಿ ನಿಮಗ ದಮ್ಮು ಬಂತಂದ್ರ ಪಂಪು ಎಲ್ಲಿಟ್ಕೊಂಡು ಎಳೀತೀರಿ?" ಎಂದು ಕೇಳಿದೆ.

ಹಣಮಂತರ ಕೈ ಅಂಗಿಯ ಕಿಸೆಯ ಪಂಪಿನ ಮೇಲೆ ಹೋಯಿತು. ರೈತರು ಅವರ ಕಿಸೆ ನೋಡಿದರು. "ದಮ್ಮು ಐತೇನೋ ನಿನಗ? ಹೇಳಬಾರದಾ! ಬ್ಯಾಡ ಮಾರಾಯ, ಟ್ರ್ಯಾಕ್ಟರಿಗಿ ಹಗ್ಗ ಕಟ್ಟಿ ಜಗ್ಗತೀವಿ. ಹರದ್ರ ಪೈಪು ಹರೀತದ" ಎಂದರು.

"ಕಾರ್ಡ್ ಮಾತ್ರ ಕೊಡಂಗಿಲ್ಲ ಅಕ್ಕೋರ" ಎಂದರು ಹಣಮಂತ.

"ನಾ ಕೇಳಿಲ್ಲ. ಡಾಕ್ಟರ್ ಕಡಿ ಹೋಗ್ತೀರಿಲ್ಲೋ?"

"ನೋಡೋಣ" ಎಂದರು.

ಮುಂದಿನ ಬಸ್ಸು ಒಂದೂವರೆ ತಾಸಿನ ಮೇಲೆ ಬಂತು. ಅಷ್ಟರಲ್ಲಿ ಚೀಲದ ಮೇಲೆ ಹಾಳೆ ಇಟ್ಟು, ಕಾರ್ಡ್ ಕೊಡುವ ಸಂಸ್ಥೆಗೆ ದೂರು ಬರೆಯಲು ಕೂತೆ. ಯಾರು ಯಾವ ಪಾಠ ಮಾಡಲಿಲ್ಲ, ಎಷ್ಟು ಸಲ ಇಳಿಯಲಿಲ್ಲ, ಯಾರ ಫಾರಂನಲ್ಲಿ ಏನು ಸುಳ್ಳು ಎಂದು ಸಾಲಾಗಿ ಬರೆದೆ. ನಾನು ಮೊದಲ ದಿನವೇ ಚೀಲ ಹೊತ್ತು ಎದ್ದು ಬರಲಿಲ್ಲವೆಂಬುದನ್ನೂ ಸೇರಿಸಿದೆ. ಬಸ್ಸು ಊರು ಬಿಡುವಾಗ ತಿರುಗಿ ನೋಡಿದೆ. ಹಣಮಂತ ಇನ್ನೂ ಅದೇ ಬೆಂಚಿನ ಮೇಲಿದ್ದರು. ಕಾರ್ಡನ್ನು ಬಿಸಿಲಿಗೆ ಹಿಡಿದು, ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದಿ ಹೇಳೆಂದು ಚಹಾದಂಗಡಿಯವನನ್ನು ಕೇಳುತ್ತಿದ್ದರು.