ಇಪ್ಪತ್ತರ ಮೇಲೆ ಏಳು ಮಾರು

ನಡುನೀರಿನಲ್ಲಿ ಇಂಜಿನ್ ನಿಂತುಬಿಡಬಹುದಿತ್ತು. ಪೆಟ್ರೋಲು ಸಾಲದೆ ಹೋಗಬಹುದಿತ್ತು. ಕೋಸ್ಟ್ ಗಾರ್ಡ್‌ನವರು ಅಡ್ಡಹಾಕಿ ಯಾವುದೋ ಒಂದು ಕಾಗದ ಕಡಿಮೆ ಇದೆ ಎನ್ನಬಹುದಿತ್ತು. ಪರದೇಶದಲ್ಲಿ ನನ್ನ ಗುರುತಿಗಿರುವ ಒಂದೇ ಚೀಟಿ, ಸಿವಿಲ್ ಐಡಿ, ನೀರಿಗೆ ಬೀಳಬಹುದಿತ್ತು. ಅದಕ್ಕೆಂದೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿ ಹಾಕಿದ್ದೆ. ಗಾಳಿ ಏಳಬಹುದಿತ್ತು, ಮಂಜು ಮುಸುಕಿ ದಿಕ್ಕು ತಪ್ಪಬಹುದಿತ್ತು, ಗಾಳ ಬೆರಳಿಗೆ ಚುಚ್ಚಬಹುದಿತ್ತು, ಬೆಳಗಿನ ಇಡ್ಲಿ ಹೊಟ್ಟೆಯಲ್ಲಿ ನಿಲ್ಲದೆ ಹೋಗಬಹುದಿತ್ತು. ಈಜು ಬಾರದ ಮನುಷ್ಯನಿಗೆ ಏನೇನು ಆಗಬಹುದು ಎಂಬುದನ್ನಂತೂ ಬಿಡಿಸಿ ಬರೆಯುವುದಿಲ್ಲ.

ಇದನ್ನೆಲ್ಲ ನಾನು ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ. ಆದರೆ ಆ ಪಟ್ಟಿಯಲ್ಲಿ ದೆವ್ವ ಪಿಶಾಚಿಗಳ ಸಾಲು ಇರಲಿಲ್ಲ. ಅಂಥದ್ದನ್ನು ನಾನು ನಂಬುತ್ತಿರಲಿಲ್ಲ. ಇರುವ ಭಯಗಳಿಗೇ ಪುರಸೊತ್ತು ಸಾಲದವನು ಇಲ್ಲದ್ದಕ್ಕೆ ಯಾಕೆ ಹೆದರಬೇಕು? ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ವಸಂತಣ್ಣ ಮಲ್ಪೆ ಕಡೆಯವರು, ಮೀನುಗಾರರ ಮನೆತನ. ನಾವಿಬ್ಬರೂ ದುಡಿಯುವ ಈ ಕೊಲ್ಲಿ ದೇಶದಲ್ಲಿ, ಎಗೈಲಾದ ಒಂದು ಮಾಲ್‌ನಲ್ಲಿ ಅಂಗಡಿಯೊಂದರ ಗೋದಾಮು ನೋಡಿಕೊಳ್ಳುವ ಕೆಲಸ. ಎರಡು ದಶಕ ಪೆಟ್ಟಿಗೆ ಎಣಿಸಿ ಅವರಿಗೆ ಸಾಕಾಗಿತ್ತು. ಊರಿಗೆ ಹೋಗಿ ಸಣ್ಣ ದೋಣಿಯೊಂದನ್ನು ಕೊಂಡು, ತಂದೆಯ ಹಾಗೆ ಗಾಳದಲ್ಲಿ ಅಂಜಲ್ ಮೀನು ಹಿಡಿದು ಬದುಕಬೇಕೆಂಬುದು ಅವರ ಆಸೆ. ದೋಣಿ ನೋಡಿಟ್ಟಾಗಿತ್ತು. ರಾಜೀನಾಮೆ ಪತ್ರ ಫೋನಿನಲ್ಲಿ ಸಿದ್ಧವಾಗಿತ್ತು. ಅದನ್ನು ಭಾನುವಾರ ಕಳಿಸುವ ಮೊದಲು ಒಂದು ಸಲ ಕೈ ನೋಡಿಕೊಳ್ಳಬೇಕೆಂದು, ಶುಕ್ರವಾರ ಬೆಳಿಗ್ಗೆಗೆ ಕಫೀಲನ, ಅಂದರೆ ವೀಸಾ ಕೊಟ್ಟ ಅರಬ ಯಜಮಾನನ, ದೋಣಿ ಕೇಳಿ ಪಡೆದಿದ್ದರು. ನೂಲು ಹಿಡಿಯಲು ಇನ್ನೊಬ್ಬ ಬೇಕಿತ್ತು. ಬೇರೆ ಯಾರಿಗೂ ಪುರಸೊತ್ತಿರಲಿಲ್ಲವಾದ್ದರಿಂದ ನನ್ನನ್ನು ಕರೆದರು.

"ಒಂದೇ ಷರತ್ತು ಮಾರಾಯ," ಎಂದರು ದೋಣಿ ಹತ್ತುವಾಗ. "'ಏನಾದ್ರೂ ಆದ್ರೆ' ಅಂತ ಒಂದು ಸಲ ಬಾಯಿಬಿಟ್ಟೆಯೋ, ದೋಣಿ ತಿರುಗಿಸಿ ನಿನ್ನನ್ನು ಈ ಸಾಲ್ಮಿಯಾ ದಡದಲ್ಲೇ ಇಳಿಸ್ತೇನೆ."

"ಹೇಳುವುದಿಲ್ಲ ವಸಂತಣ್ಣ. ಆದರೂ ಏನಾದ್ರೂ..."

"ನೋಡು, ದೋಣಿ ಇನ್ನೂ ಹೊರಡ್ಲೇ ಇಲ್ಲ."

ಅವರು ಮಾಡುವ ಟ್ರೋಲಿಂಗ್ ಬಲೆ ಎಳೆಯುವುದಲ್ಲ. ಓಡುವ ದೋಣಿಯ ಹಿಂದೆ ಉದ್ದನೆಯ ತಂಗೂಸಿಯ, ಅಂದರೆ ನೈಲಾನ್ ನೂಲಿನ, ತುದಿಯಲ್ಲಿ ಪ್ಲಾಸ್ಟಿಕ್ ಮೀನೊಂದನ್ನು ಎಳೆದುಕೊಂಡು ಹೋಗುವುದು. ವೇಗ ಹೆಚ್ಚಾದರೆ ಅದು ನೀರಿನ ಮೇಲೆ ಬಂದು ಕುಣಿಯುತ್ತದೆ, ಕಡಿಮೆಯಾದರೆ ಸತ್ತಂತೆ ಇಳಿಯುತ್ತದೆ. ನೇರ ಹೋಗಬಾರದು, ಹಾವಿನ ಹಾಗೆ ಬಳುಕುತ್ತಾ ಹೋಗಬೇಕು. ತಿರುವಿನಲ್ಲಿ ನೂಲು ಸಡಿಲಾಗಿ ಹುಸಿಮೀನು ಒಂದಿಷ್ಟು ಮುಳುಗಿ ಮತ್ತೆ ಏಳುತ್ತದಲ್ಲ, ಅಂಜಲ್ ಬಾಯಿ ಹಾಕುವುದು ಆಗಲೇ.

ನೂಲು ಎಷ್ಟು ಬಿಟ್ಟೆವು ಎಂಬುದಕ್ಕೆ ಅವರ ಮನೆಯಲ್ಲಿ ಅಳತೆ ಮಾರು, ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಎಣಿಕೆ ಬಾಯಲ್ಲಿ ಗಟ್ಟಿಯಾಗಿಯೇ ಬರಬೇಕು. ವಸಂತಣ್ಣ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಎನ್ನುತ್ತಾ ಕೈ ಚಾಚಿ ಚಾಚಿ ಬಿಟ್ಟರು. ಅಷ್ಟು ಹೊತ್ತು ಚುಕ್ಕಾಣಿ ನನ್ನ ಕೈಯಲ್ಲಿತ್ತು. ದೋಣಿ ನೇರ ಹೋದದ್ದು ಸಮುದ್ರದ ಒಳ್ಳೆಯತನ. 'ಇರ್ವ' ಎಂದು ಇಪ್ಪತ್ತಕ್ಕೆ ನಿಲ್ಲಿಸಿ, ಹಿಂಬದಿಯ ಗೂಟಕ್ಕೆ ನೂಲು ಸುತ್ತಿ ಗಂಟು ಹಾಕಿ, ಅದರ ಮೇಲೆ ನನ್ನ ಬೆರಳಿಡಿಸಿ, ಮುಂದೆ ಹೋಗಿ ನನಗೆ ಬೆನ್ನು ಮಾಡಿ ಚುಕ್ಕಾಣಿ ಹಿಡಿದರು.

ಸೆಕೆ ಇಳಿದ ತಿಂಗಳು. ತೆಳ್ಳಗೆ ಮಂಜಿತ್ತು, ದಡದ ಕಟ್ಟಡಗಳು ಅರ್ಧ ಅಳಿಸಿದಂತೆ ಕಾಣುತ್ತಿದ್ದವು. ಸುತ್ತ ಬೇರೆ ದೋಣಿ ಇರಲಿಲ್ಲ. ಮೂರನೆಯ ತಿರುವಿನಲ್ಲಿ ನೂಲು ಸಡಿಲಾಯಿತು. ಆಗ, "ಇರ್ವತ್ತ ಒಂಜಿ," ಎಂದಿತು ಒಂದು ದನಿ.

ಕೂಗಲಿಲ್ಲ. ತನ್ನ ಪಾಡಿಗೆ ಕೆಲಸ ಮಾಡುವ ಗಂಡಸಿನ ದನಿ. ವಸಂತಣ್ಣನೇ ಎಂದು ತಿರುಗಿ ನೋಡಿದೆ. ಅವರು ಫ್ಲಾಸ್ಕಿನ ಮುಚ್ಚಳದಲ್ಲಿ ಚಾ ಕುಡಿಯುತ್ತಿದ್ದರು. "ಇರ್ವತ್ತ ರಡ್ಡ್." ಮುಚ್ಚಳ ಇನ್ನೂ ಅವರ ಬಾಯಲ್ಲೇ ಇತ್ತು. ದನಿ ಬರುತ್ತಿದ್ದುದು ದೋಣಿಯ ಹಿಂದಿನಿಂದ, ಪ್ಲಾಸ್ಟಿಕ್ ಮೀನು ಇರಬೇಕಾದ ಕಡೆಯಿಂದ. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಎರಡು ಎಣಿಕೆಗಳ ನಡುವೆ ಒಂದು ಸಲ ಕೈ ಚಾಚುವಷ್ಟು ಬಿಡುವು. ಪ್ರತಿ ಎಣಿಕೆಗೂ ನನ್ನ ಬೆರಳಿನ ಕೆಳಗೆ ನೂಲು ಸಣ್ಣಗೆ ಅದುರುತ್ತಿತ್ತು. ಗಂಟು ಮಾತ್ರ ಇದ್ದಲ್ಲೇ ಇತ್ತು. "ಇರ್ವತ್ತ ಏಳ್" ಆದ ಮೇಲೆ ನಿಂತಿತು.

ವಸಂತಣ್ಣ ಇಂಜಿನ್ ಆರಿಸಿದರು. ಹಿಂದೆ ತಿರುಗಲಿಲ್ಲ. "ಎಳೆ," ಎಂದರು.

ಎಳೆದೆ. ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ಇಪ್ಪತ್ತೇಳಕ್ಕೆ ಪ್ಲಾಸ್ಟಿಕ್ ಮೀನು ಬರಿದಾಗಿ ಮೇಲೆ ಬಂತು.

"ಎಷ್ಟು ಮಾರು ಬಂತು?"

ಆ ಕ್ಷಣ ನನ್ನ ತಲೆಗೆ ಹೊಳೆದದ್ದು ಇಷ್ಟೆ: ಇದು ವಸಂತಣ್ಣನ ಕೀಟಲೆ. ಏನೋ ಕೈಚಳಕ ಮಾಡಿ, ಫೋನೋ ಮತ್ತೊಂದೋ ಹಿಂದೆ ಅಡಗಿಸಿಟ್ಟು, ನನ್ನ ಬಾಯಿಂದ 'ಏನಾದ್ರೂ ಆದ್ರೆ' ಹೊರಡಿಸಲು ನೋಡುತ್ತಿದ್ದಾರೆ. ಸಿಕ್ಕಿಬೀಳಬಾರದು.

"ಇಪ್ಪತ್ತು," ಎಂದೆ.

"ಸರಿ ಎಣಿಸಿದೆಯಾ?"

"ಸರಿಯಾಗಿಯೇ."

ಅವರು ಮುಚ್ಚಳದಲ್ಲಿ ಉಳಿದ ಚಾವನ್ನು ನೀರಿಗೆ ಚೆಲ್ಲಿದರು. "ಸಾಕು, ಹೋಗುವ," ಎಂದರು. ದೋಣಿ ದಡದ ಕಡೆ ತಿರುಗಿತು. ನಾನು ಗೆದ್ದೆನೆಂದು ಒಳಗೊಳಗೇ ಹಿಗ್ಗುತ್ತಿದ್ದೆ. ಮನೆಗೆ ಬಂದು ಹೆಂಡತಿಗೆ ಹೇಳಿಯೂ ಬಿಟ್ಟೆ, ಇವತ್ತು ನಾನು ಒಂದಕ್ಕೂ ಹೆದರಲಿಲ್ಲ ಎಂದು.

ಭಾನುವಾರ ರಾಜೀನಾಮೆ ಹೋಗಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಎರಡು ತಿಂಗಳ ಮೇಲೆ ಅಬ್ಬಾಸಿಯಾದ ಹೋಟೆಲೊಂದರಲ್ಲಿ ಪರೋಟ ತಿನ್ನುತ್ತಾ ಕಾರಣ ಕೇಳಿದೆ. ಅಷ್ಟರಲ್ಲಿ ಊರಿನ ಆ ದೋಣಿ ಬೇರೆಯವರ ಪಾಲಾಗಿತ್ತು.

"ಅಪ್ಪನಿಗೂ ಹೀಗೇ ಶುರುವಾದದ್ದು," ಎಂದರು. "ನೀರಿನ ಮೇಲೆ ಯಾರೋ ಎಣಿಸ್ತಾರೆ ಅಂತ. ಆಮೇಲೆ ತಲೆ ಪೂರ್ತಿ ಹೋಯ್ತು. ಆವತ್ತು ನನಗೂ ಕೇಳಿತು ಮಾರಾಯ. ಇಪ್ಪತ್ತೇಳರ ತನಕ. ನಿನ್ನನ್ನು ಕೇಳಿದೆ, ನೀನು ಇಪ್ಪತ್ತು ಅಂದೆ. ಇಬ್ಬರಿಗೂ ಗೊತ್ತಾಗಿದ್ರೆ ಅದು ಸಮುದ್ರದ ವಿಷಯ. ನನಗೊಬ್ಬನಿಗೇ ಅಂದ್ರೆ ತಲೆಯ ವಿಷಯ. ಅಂಥ ತಲೆ ಇಟ್ಟುಕೊಂಡು ದೋಣಿ ನಡೆಸುವುದುಂಟಾ?"

 ಎಲ್ಲವನ್ನೂ ಹೇಳಿದೆ: ದನಿ, ಚಾ ಮುಚ್ಚಳ, ಇಪ್ಪತ್ತೇಳು ಮಾರು. ಅವರು ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು.

"ನನ್ನ ಸಮಾಧಾನಕ್ಕೆ ಹೇಳ್ತೀಯ."

"ದೇವರಾಣೆ ವಸಂತಣ್ಣ. ಇಪ್ಪತ್ತೇಳು ಬಂತು."

"ಬಂದಿರಬಹುದು. ಬಿಟ್ಟವನು ಆರಡಿಯ ನಾನು, ಎಳೆದವನು ನೀನು. ನಿನ್ನ ಗಿಡ್ಡ ಕೈಗೆ ಇಪ್ಪತ್ತು ಇಪ್ಪತ್ತೇಳಾಗದೆ ಇನ್ನೇನು?" ಎಂದು ನಕ್ಕು, ನನ್ನ ತಟ್ಟೆಗೆ ಇನ್ನೊಂದು ಪರೋಟ ಹಾಕಿಸಿದರು.

ಆ ಲೆಕ್ಕ ತಪ್ಪೆನ್ನಲು ನನಗಾಗುವುದಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು, ಆರಡಿಯ ಮಾರಿನಂತೆ ಇಪ್ಪತ್ತು ಮಾರು ಹಗ್ಗ ತಂದು ಅಳೆದೂ ನೋಡಿದ್ದೇನೆ. ಒಂದು ದಿನ ಇಪ್ಪತ್ತೈದು ಬರುತ್ತದೆ, ಒಂದು ದಿನ ಇಪ್ಪತ್ತೇಳು. ಆದರೆ ಆ ದನಿಗೆ ನನ್ನ ಕೈಯ ಉದ್ದ ಹೇಗೆ ತಿಳಿಯಿತು? ವರ್ಷಗಳಾದವು. ವಸಂತಣ್ಣ ಇವತ್ತಿಗೂ ಎಗೈಲಾದಲ್ಲಿ ಪೆಟ್ಟಿಗೆ ಎಣಿಸುತ್ತಾರೆ. ಸಮುದ್ರದ ಸುದ್ದಿ ಎತ್ತುವುದಿಲ್ಲ.

ಆ ಬೆಳಿಗ್ಗೆ ಇಂಜಿನ್ ಕೈಕೊಡಲಿಲ್ಲ. ಪೆಟ್ರೋಲು ಮಿಕ್ಕಿತು. ಗಾಳ ಚುಚ್ಚಲಿಲ್ಲ, ಇಡ್ಲಿ ಹೊಟ್ಟೆಯಲ್ಲೇ ನಿಂತಿತು, ಸಿವಿಲ್ ಐಡಿ ಎರಡು ಚೀಲದೊಳಗೆ ಒಣಗಿಯೇ ಇತ್ತು. ಎಷ್ಟು ಮಾರು ಬಂತು ಎಂದು ಕೇಳಿದರು, ನಾನು ಇಪ್ಪತ್ತು ಎಂದೆ.